ಮಾಸ್ಟ್ರು ಮೆಚ್ಚಿದ ಹೆಸರು

ಕೇಕ್ ಮಾಸ್ಟ್ರಿಗೆ ಈಗಿನ ಕಾಲದ ಮಕ್ಕಳ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಇದ್ದದ್ದೆಲ್ಲ ಅವರ ಹೆಸರುಗಳ ಮೇಲೆ. ಮಕ್ಕಳು ಮೊದಲಿನ ಹಾಗೇ ಹುಟ್ಟುತ್ತಿದ್ದವು, ಮೊದಲಿನ ಹಾಗೇ ಅಳುತ್ತಿದ್ದವು, ವರ್ಷಕ್ಕೊಮ್ಮೆ ತಪ್ಪದೆ ಕೇಕು ಕತ್ತರಿಸುತ್ತಿದ್ದವು. ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಅರ್ಧ ಕೆ.ಜಿ. ಕೇಕಿನ ಮೇಲೆ ಎಷ್ಟು ಜಾಗವಿರುತ್ತದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಜನ ಹೆಸರಿಡಲು ಶುರುಮಾಡಿದಂದಿನಿಂದ ಮಾಸ್ಟ್ರ ನೆಮ್ಮದಿ ಹಾಳಾಗಿತ್ತು.

ಬೀದಿಯ ತಿರುವಿನಲ್ಲಿದ್ದ ಆ ಬೇಕರಿಗೆ ಅವರೇ ಒಡೆಯರು, ಅವರೇ ಆಳು. ಓವನ್ನಿನ ಮುಂದೆ ಬೇಯುವವರೂ ಅವರೇ, ಗಲ್ಲಾದಲ್ಲಿ ಕೂರುವವರೂ ಅವರೇ, ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವವರೂ ಅವರೇ. ಹಾಗಾಗಿ ಸುತ್ತಲಿನ ನಾಲ್ಕು ಬೀದಿಗಳಲ್ಲಿ ಯಾವ ಮಗುವಿಗೆ ಏನು ಹೆಸರಿಟ್ಟರೂ ಆ ಹೆಸರು ಇಂದಲ್ಲ ನಾಳೆ ಅವರ ಕೈಯಲ್ಲಿದ್ದ ಕ್ರೀಮಿನ ಕೋನಿನ ಮೂತಿಯಿಂದ ಹೊರಬರಲೇಬೇಕಿತ್ತು. ಹೊರಬರುವಾಗ ಕೋನಿಗೂ ಮಾಸ್ಟ್ರಿಗೂ ಪ್ರಸವವೇದನೆಯಾಗುತ್ತಿತ್ತು.

"ಹೆಸರು ಹೇಳಿ," ಎನ್ನುತ್ತಿದ್ದರು ಮಾಸ್ಟ್ರು, ಆದಷ್ಟು ಶಾಂತವಾಗಿ.

"ಕ್ರಿಯಾನ್," ಎನ್ನುತ್ತಿದ್ದಳು ತಾಯಿ.

ಮಾಸ್ಟ್ರು ಬಗ್ಗಿ ಬರೆಯತೊಡಗುತ್ತಿದ್ದರು.

"ಅಯ್ಯೋ, ಐ ಹಾಕಿಬಿಟ್ರಲ್ಲ! ನಮ್ಮದು ವೈ ಇರೋ ಕ್ರಿಯಾನ್. ಐ ಇರೋದು ಎದುರುಮನೆಯವರದ್ದು."

"ಕರೆಯೋವಾಗ ವ್ಯತ್ಯಾಸ ಏನಮ್ಮ?"

"ಕರೆಯೋವಾಗ ಏನೂ ಇಲ್ಲ. ಆದ್ರೆ ಅವರದು ಕಾಮನ್."

ಎದುರುಬದುರು ಮನೆಯ ಎರಡು ಮಕ್ಕಳು. ಒಬ್ಬನನ್ನು ಕೂಗಿದರೆ ಇಬ್ಬರೂ ಓಡಿಬರುತ್ತಾರೆ. ಆದರೂ ಒಬ್ಬ ಕಾಮನ್, ಇನ್ನೊಬ್ಬ ಅಲ್ಲ. ಮಾಸ್ಟ್ರು ಐ ಅನ್ನು ಚಾಕುವಿನ ತುದಿಯಿಂದ ಕೆರೆದು ತೆಗೆದು ವೈ ಹಾಕಿ, ಕೆರೆದ ಜಾಗದಲ್ಲಿ ಒಂದು ಹೂ ಬಿಡಿಸುತ್ತಿದ್ದರು. ನಾಲ್ಕು ಬೀದಿಯ ಜನ ಆ ಹೂವುಗಳನ್ನು ಮಾಸ್ಟ್ರ ಕಲಾಭಿರುಚಿ ಎಂದು ಹೊಗಳುತ್ತಿದ್ದರು. ಅವೆಲ್ಲ ತಿದ್ದುಪಡಿಗಳು ಎಂಬುದು ಮಾಸ್ಟ್ರಿಗೆ ಮಾತ್ರ ಗೊತ್ತಿತ್ತು.

ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಅವತ್ತಿನ ಹೆಸರುಗಳ ವರದಿ ಶುರುವಾಗುತ್ತಿತ್ತು. "ಇವಳೇ, ಇವತ್ತೊಂದು ಬಂದಿತ್ತು. ಹೆಸರಲ್ಲಿ ಮೂರು ಎ. ಒಂದೂ ಕೇಳಿಸಲ್ಲ!" ಹೆಂಡತಿ ತರಕಾರಿ ಹೆಚ್ಚುತ್ತ "ಹೂಂ" ಎನ್ನುತ್ತಿದ್ದಳು. ಆದರೆ ಮಗಳು ಬಾಣಂತನಕ್ಕೆ ಬಂದ ಮೇಲೆ ಆ "ಹೂಂ" ಕೂಡ ನಿಂತುಹೋಯಿತು. ಒಂದು ದಿನ ಆಕೆ ಈಳಿಗೆಯಿಂದ ಮೇಲೆದ್ದು, ಸೆರಗು ಸಿಕ್ಕಿಸಿಕೊಂಡು, ಕಟ್ಟಪ್ಪಣೆಯನ್ನೇ ಹೊರಡಿಸಿದಳು.

"ರೀ, ಮಗುಗೆ ಮೂರು ತಿಂಗಳಾಯ್ತು. ಇನ್ನೂ ಪುಟ್ಟಿ ಪುಟ್ಟಿ ಅಂತಿದ್ದೀವಿ. ಯಾಕೆ ಗೊತ್ತಾ? ಮಗಳೊಂದು ಹೆಸರು ಯೋಚಿಸೋದು, ನೀವು ಬಂದು 'ಅದು ಹೆಸರೋ ಕೆಮ್ಮಿನ ಔಷಧಿಯೋ' ಅನ್ನೋದು. ಇನ್ನೊಂದು ಮಾತು ಆಡಿದ್ರೆ ನೋಡಿ. ಮಗು ಅವರದು. ಹೆಸರು ಅವರಿಡ್ತಾರೆ."

"ನಾನೇನು ಬೇಡ ಅಂದ್ನಾ?"

"ನೀವು ಬೇಕು ಅಂದಿದ್ದು ಯಾವಾಗ?"

ಬೇಕು ಎಂದು ಮಾಸ್ಟ್ರ ಮನಸ್ಸಿನಲ್ಲಿದ್ದದ್ದು ಒಂದೇ ಒಂದು ಹೆಸರು, ಅದನ್ನು ಅವರು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ.

ಅದು ಅವರ ಅಮ್ಮನ ಹೆಸರು. ಮೂರೇ ಅಕ್ಷರ. ಮೊದಲನೆಯ ಅಕ್ಷರದ ಮೇಲೆ ಭಾರ ಹಾಕಿ ಅಪ್ಪ ಹಿತ್ತಲಿಂದ ಕೂಗಿದರೆ ಬೀದಿಯ ಬಾಗಿಲಿಗೆ ಕೇಳಿಸುತ್ತಿತ್ತು. ಹಿಟ್ಟು ನಾದುವುದನ್ನು, ಬೆಂಕಿಯ ಹದ ನೋಡುವುದನ್ನು ಮಾಸ್ಟ್ರಿಗೆ ಕಲಿಸಿದವಳು ಅವಳೇ. ಅವಳು ಹೋದ ಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೂಗಿರಲಿಲ್ಲ. ಮಗಳು ಹುಟ್ಟಿದಾಗಲೇ ಇಡಬೇಕೆಂದಿದ್ದರು, ಆಗ ಹೆಂಡತಿಯ ತವರಿನವರು ಗುಂಪಾಗಿ ಬಂದು ಬೇರೆ ಹೆಸರಿಟ್ಟು ಹೋಗಿದ್ದರು. ಈಗ ಮೊಮ್ಮಗಳು. ಆ ಹೆಸರು ಇನ್ನೊಂದು ಸಲ ಈ ಮನೆಯಲ್ಲಿ ಕೇಳಬೇಕು, ಒಂದು ಪುಟ್ಟ ದನಿ ಅದಕ್ಕೆ ಓಗೊಡಬೇಕು. ಈ ಆಸೆ ಮಾಸ್ಟ್ರನ್ನು ಎಷ್ಟು ಹಿಡಿದಿತ್ತೆಂದರೆ, ಓವನ್ನಿನ ಮುಂದೆ ಒಬ್ಬರೇ ಇದ್ದಾಗ ಎರಡು ಸಲ ಕೂಗಿಯೂ ನೋಡಿದ್ದರು. (ಬ್ರೆಡ್ಡಿಗೆ ಬಂದಿದ್ದ ಗಿರಾಕಿಯೊಬ್ಬಳು "ಯಾರನ್ನ ಕರೀತಿದ್ದೀರಿ?" ಎಂದು ಒಳಗೆ ಇಣುಕಿದ್ದಳು.)

ಇದೇ ಆಸೆ ಅವರ ಅಕ್ಕನಿಗೂ ಇತ್ತು. ಆಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸಾಗಿದ್ದು ನಿವೃತ್ತಳಾದವಳು, ಆಸೆಯನ್ನೂ ಅಪ್ಪಣೆಯ ಧಾಟಿಯಲ್ಲೇ ಹೇಳುವವಳು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು.

"ಲೋ, ಅಮ್ಮನ ಹೆಸರೇ ತಾನೇ?"

"ಅದನ್ನ ನನಗೆ ಬಿಡಕ್ಕ."

"ನಿನಗೆ ಬಿಟ್ಟೇ ಹೋದ ಸಲ ಕೆಟ್ಟಿದ್ದು."

ತೊಂದರೆ ಇದ್ದದ್ದು ಇಲ್ಲೇ. ತಾನು ಮೆಚ್ಚಿದ್ದನ್ನು ಮಗಳು ಯಾವತ್ತೂ ಮುಟ್ಟಿಲ್ಲ ಎಂಬುದು ಮಾಸ್ಟ್ರ ಗಟ್ಟಿ ನಂಬಿಕೆ. ಅವಳು ಚಿಕ್ಕವಳಿದ್ದಾಗ ಬಟ್ಟೆಯಂಗಡಿಯಲ್ಲಿ ಅವರು ಹಸಿರು ಫ್ರಾಕು ಚೆನ್ನಾಗಿದೆ ಎಂದರೆ ನೀಲಿ ತೆಗೆಸಿಕೊಳ್ಳುತ್ತಿದ್ದಳು. ದೊಡ್ಡವಳಾದ ಮೇಲೆ ಅವರು ಮೆಚ್ಚಿದ ವರನನ್ನು ಬಿಟ್ಟು ಬೇರೆಯವನನ್ನು ಆರಿಸಿಕೊಂಡಳು. (ಅಳಿಯ ಒಳ್ಳೆಯವನೇ. ಏನು ಕೇಳಿದರೂ "ನೋಡೋಣ ಮಾವ" ಎನ್ನುತ್ತಾನೆ, ಆಮೇಲೆ ನೋಡುವುದಿಲ್ಲ.) ಅಂಥವಳ ಮುಂದೆ ಹೋಗಿ "ಅಜ್ಜಿಯ ಹೆಸರಿಡು" ಎಂದರೆ ಆ ಹೆಸರಿಗೆ ಅಲ್ಲಿಗೇ ಮಂಗಳ.

ಆಗ ಮಾಸ್ಟ್ರಿಗೆ ತಮ್ಮ ಅಂಗಡಿಯ ವಿದ್ಯೆ ನೆನಪಾಯಿತು.

ಆ ವಿದ್ಯೆ ಇಷ್ಟೇ. ಗಿರಾಕಿ ಗಾಜಿನ ಕಪಾಟಿನ ಮುಂದೆ ನಿಂತು "ಯಾವುದು ಚೆನ್ನಾಗಿದೆ?" ಎಂದು ಕೇಳಿದಾಗ ಖರ್ಚಾಗಬೇಕಾದ ಕೇಕನ್ನು ಮಾಸ್ಟ್ರು ಹೊಗಳಬಾರದು. ಹೊಗಳಿದರೆ ಗಿರಾಕಿಯ ಕಣ್ಣು ಸಣ್ಣದಾಗುತ್ತದೆ. ನಿನ್ನೆಯದಿರಬೇಕು, ಅದಕ್ಕೇ ದಾಟಿಸುತ್ತಿದ್ದಾನೆ ಎಂದುಕೊಳ್ಳುತ್ತಾನೆ. ಅದರ ಬದಲು ಪಕ್ಕದ ಕೇಕನ್ನು ಹೊಗಳಿ, ಖರ್ಚಾಗಬೇಕಾದದ್ದರ ಕಡೆ ನೋಡಿ ಮುಖ ಸಪ್ಪೆ ಮಾಡಿ, "ಅದಾ? ಅದು ಬೇಡ ಬಿಡಿ, ಎಲ್ಲರಿಗೂ ಹಿಡಿಸಲ್ಲ" ಎನ್ನಬೇಕು. ಗಿರಾಕಿ ತಕ್ಷಣ ಅದಕ್ಕೇ ಕೈ ತೋರಿಸುತ್ತಾನೆ. ಎಷ್ಟೋ ವರ್ಷಗಳಿಂದ ಮಾಸ್ಟ್ರು ಈ ನಿಷೇಧ ಶಾಸ್ತ್ರದ ಬಲದಿಂದಲೇ ಕಪಾಟು ಖಾಲಿ ಮಾಡುತ್ತಿದ್ದರು. ಹೆಂಡತಿ, ಮಗಳು ಅಂಗಡಿಯ ಕಡೆ ಕಾಲಿಡುತ್ತಿದ್ದದ್ದೇ ಅಪರೂಪ, ಹಾಗಾಗಿ ಮನೆಯಲ್ಲಿ ಯಾರಿಗೂ ಇದರ ಗಂಧಗಾಳಿ ಇರಲಿಲ್ಲ. ಊರಿಗೆಲ್ಲ ಹಿಡಿಸಿದ ಮದ್ದು ಮನೆಗೆ ಹಿಡಿಸದಿರುತ್ತದೆಯೇ ಎಂದುಕೊಂಡರು ಮಾಸ್ಟ್ರು.

ಮಾರನೆಯ ದಿನ ಊಟಕ್ಕೆ ಕೂತಾಗ ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಜುತ್ತಲೇ ಮಾತು ತೆಗೆದಳು.

"ಅಪ್ಪ, ಒಂದು ಹೆಸರು ನೋಡಿದ್ದೀವಿ. ನೀವು ಬೈಬಾರದು."

"ಹೇಳು ಮಗಳೇ."

ಈ ದನಿಗೆ ಹೆಂಡತಿ ಸಾರಿನ ಸೌಟನ್ನು ಅರ್ಧದಲ್ಲೇ ನಿಲ್ಲಿಸಿದಳು.

"ಝ್ವಿಯಾನಾ."

ಮಾಸ್ಟ್ರ ಕಿವಿಯೊಳಗೆ ಯಾರೋ ತಗಡು ಉಜ್ಜಿದಂತಾಯಿತು. ನೀರು ಕುಡಿದು, ಮುಖದ ಒಂದೊಂದೇ ಸ್ನಾಯುವನ್ನು ಅದರದರ ಜಾಗಕ್ಕೆ ತಂದು, ಮುಗುಳ್ನಕ್ಕರು.

"ಆಹಾ! ಏನು ಹೆಸರು ಕಣಮ್ಮ! ಅರ್ಥ ಏನು?"

ಮಗಳು ಮೊಬೈಲು ನೋಡಿದಳು. "ಒಂದು ಕಡೆ 'ಬೆಳಗಿನ ಮೊದಲ ಕಿರಣ' ಅಂತಿದೆ. ಇನ್ನೊಂದು ಕಡೆ 'ಯುದ್ಧಕ್ಕೆ ಹೊರಟ ಹಡಗು' ಅಂತಿದೆ."

"ಎರಡೂ ಹೊಂದುತ್ತೆ. ಹೆಣ್ಣುಮಗು ಅಂದ್ರೆ ಎರಡೂ ಇರಬೇಕು."

"ಇವರು ಹೇಳ್ತಾರೆ, ಸ್ಪೆಲಿಂಗು ಸಿಂಪಲ್ಲಾಗಿ ಇಡೋಣ ಅಂತ. ಝಡ್ ಆದ ಮೇಲೆ ಸೀದಾ ವಿ."

"ಸಿಂಪಲ್ ಯಾಕೆ?" ಮಾಸ್ಟ್ರಿಗೆ ಈಗ ಹುರುಪು ಬಂದಿತ್ತು. ಅಂಗಡಿಯಲ್ಲೂ ಹೀಗೇ, ಬೇಡದ ಕೇಕನ್ನು ಹೊಗಳಲು ಕೂತರೆ ಚೆರ್ರಿ ಹಣ್ಣಿನವರೆಗೂ ಹೊಗಳುತ್ತಿದ್ದರು. "ಝಡ್ ಪಕ್ಕ ಒಂದು ಎಚ್ ಇದ್ರೆ ಅದರ ಗಾಂಭೀರ್ಯವೇ ಬೇರೆ. ನಡುವೆ ಎ ಒಂದೇನಾ? ಎರಡು ಹಾಕು. ಕೊನೆಗೆ ಇನ್ನೊಂದು ಎಚ್. ಅದು ಯಾರಿಗೂ ಕೇಳಿಸದಿದ್ರೂ ಅಲ್ಲಿದೆ ಅಂತ ನಮಗೆ ಗೊತ್ತಿರುತ್ತಲ್ಲ, ಅಷ್ಟು ಸಾಕು."

ಹೆಂಡತಿ ಗಂಡನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ," ಎಂದಳು ಮಗಳಿಗೆ.

ಮಗಳು ಮಗುವಿನ ಬೆನ್ನು ತಟ್ಟುತ್ತ, ಅಪ್ಪನ ಮುಖವನ್ನೇ ನೋಡುತ್ತ, ಮೆಲ್ಲಗೆ ಕೇಳಿದಳು: "ಅಪ್ಪ, ಸುಮ್ಮನೆ ಕೇಳ್ತೀನಿ. ಅಜ್ಜಿ ಹೆಸರಿಟ್ರೆ ಹೇಗೆ?"

ಗಿರಾಕಿ ತಾನಾಗೇ ಸರಿಯಾದ ಕೇಕಿನ ಮುಂದೆ ಬಂದು ನಿಂತಿದ್ದಾಳೆ! ಈಗ ಒಂದು ಹೊಗಳಿಕೆ ಬಾಯಿಂದ ಬಿದ್ದರೆ ಎಲ್ಲ ಮುಗಿಯಿತು. ಮಾಸ್ಟ್ರು ಮುಖ ಸಪ್ಪೆ ಮಾಡಿದರು.

"ಅದಾ? ಅದು ಬೇಡ ಬಿಡು."

"ಯಾಕಪ್ಪ? ನಿಮ್ಮ ಅಮ್ಮನ ಹೆಸರಲ್ವಾ?"

"ನಮ್ಮಮ್ಮನಿಗೇನೋ ಸರಿ. ಆಗ ಎಲ್ಲರೂ ಹಾಗೇ ಇದ್ರು. ಈಗ ಯಾರಿಗಿಡ್ತಾರೆ ಅದನ್ನ? ಕೂಗಿದ್ರೆ ಹಳೇ ಟ್ರಂಕು ತೆಗೆದ ಹಾಗಿರುತ್ತೆ. ನುಸಿಗುಳಿಗೆ ವಾಸನೆ. ಪಾಪ, ಶಾಲೇಲಿ ಮಕ್ಕಳು ನಗಲ್ವಾ?"

ಮಗಳ ಮುಖ ಸಣ್ಣದಾಯಿತು. ಕಣ್ಣು ತಟ್ಟೆಗಿಳಿಯಿತು. ಮಾಸ್ಟ್ರು ಇದನ್ನು ಗಮನಿಸಿ ಒಳಗೊಳಗೇ ಹಿಗ್ಗಿದರು. ಹಠ ಹಿಡಿಯುವ ಮುಂಚೆ ಗಿರಾಕಿಯ ಮುಖವೂ ಥೇಟ್ ಹೀಗೇ ಆಗುತ್ತದೆ. ಆ ರಾತ್ರಿ ಅಕ್ಕನಿಗೆ ಫೋನು ಮಾಡಿ, "ಭಾನುವಾರ ಹೆಸರು ಹೇಳ್ತಾರಂತೆ, ಬಂದುಬಿಡು. ಅಮ್ಮ ಮನೆಗೆ ಬರ್ತಾಳೆ ಅಂತಲೇ ತಿಳ್ಕೊ," ಎಂದರು. ಹೇಳುವಾಗ ಅವರ ದನಿ ಒದ್ದೆಯಾಯಿತು.

ಭಾನುವಾರದ ಕೇಕನ್ನು ಮಾಸ್ಟ್ರು ತಮ್ಮ ಜೀವಮಾನದಲ್ಲಿ ಮಾಡಿದ ಕೇಕುಗಳಲ್ಲೇ ಶ್ರೇಷ್ಠ ಎನ್ನುವಂತೆ ಮಾಡಿದರು. ಮೂರು ಅಂತಸ್ತು. ನೆತ್ತಿಯ ಸುತ್ತ ಬಳ್ಳಿ, ಎಲೆ, ಮೊಗ್ಗು. ಈ ಸಲದ ಹೂಗಳು ತಿದ್ದುಪಡಿಯಲ್ಲ, ನಿಜವಾದ ಹೂಗಳು. ನಡುವೆ ಮೂರು ಅಕ್ಷರಕ್ಕೆ ಸರಿಯಾಗಿ ಜಾಗ ಬಿಟ್ಟಿದ್ದರು. ಹೆಸರನ್ನು ಎಲ್ಲರ ಮುಂದೆಯೇ ಬರೆಯುವುದೆಂದು ಕೋನಿಗೆ ಗುಲಾಬಿ ಕ್ರೀಮು ತುಂಬಿ ಪಕ್ಕದಲ್ಲಿಟ್ಟುಕೊಂಡಿದ್ದರು.

ಅಕ್ಕ ಬಂದು ನಡುಮನೆಯ ದೊಡ್ಡ ಕುರ್ಚಿಯಲ್ಲಿ ಕೂತಳು. ಮಗುವನ್ನು ಇಸಿದುಕೊಂಡು, ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ಚೆನ್ನಾಗಿದೆ" ಎಂದು ಸರ್ಟಿಫಿಕೇಟು ಕೊಟ್ಟಳು. ಅಳಿಯ ಗೋಡೆಗೊರಗಿ ಮೊಬೈಲಿನಲ್ಲಿ ವಿಡಿಯೋ ಹಿಡಿದ. ಮಗಳು ಹೊಸ ಸೀರೆಯುಟ್ಟು ಮುಂದೆ ಬಂದಳು. ಮಾಸ್ಟ್ರು ಕೋನನ್ನು ಕೇಕಿನ ಮೇಲಕ್ಕೆ ತಂದು, ಮೊದಲ ಅಕ್ಷರದ ಆಕಾರಕ್ಕೆ ಮಣಿಕಟ್ಟನ್ನು ಸಿದ್ಧಮಾಡಿಕೊಂಡು ಕಾದರು.

"ಝ್ವಿಯಾನಾ," ಎಂದಳು ಮಗಳು.

ಕೋನಿನಿಂದ ಗುಲಾಬಿ ಕ್ರೀಮು ಪಿಚಕ್ಕೆಂದು ಒಂದು ಮೊಗ್ಗಿನ ಮೇಲೆ ಬಿತ್ತು.

"ಏನಂದೆ?" ಎಂದಳು ಅಕ್ಕ.

"ಝ್ವಿಯಾನಾ ಅತ್ತೆ. ಝಡ್ ಪಕ್ಕ ಎಚ್, ನಡುವೆ ಎರಡು ಎ, ಕೊನೆಗೆ ಇನ್ನೊಂದು ಎಚ್."

"ಇದನ್ನ ಇಟ್ಟಿದ್ದು ಯಾರು?"

ಮಗಳು ಓಡಿಬಂದು ಅಪ್ಪನ ತೋಳು ತಬ್ಬಿಕೊಂಡಳು. "ಅಪ್ಪನೇ! ನಿಜ ಹೇಳ್ಬೇಕು ಅಂದ್ರೆ, ನಾವು ಮೊದಲೇ ಅಜ್ಜಿ ಹೆಸರು ಅಂತ ತೀರ್ಮಾನ ಮಾಡಿದ್ವಿ. ಅಪ್ಪನಿಗೆ ಸರ್‌ಪ್ರೈಸ್ ಕೊಡೋಣ ಅಂತ. ಝ್ವಿಯಾನಾ ಅಂತ ಸುಮ್ಮನೆ ಕೆಣಕೋಕೆ ಹೇಳಿದ್ದು, ಅಪ್ಪ ಬೈತಾರೆ, ಆಗ ಅಜ್ಜಿ ಹೆಸರು ಹೇಳಿ ಖುಷಿಪಡಿಸೋಣ ಅಂತ. ನೋಡಿದ್ರೆ ಅಪ್ಪ ಕುಣಿದಾಡಿಬಿಟ್ರು. ಅಜ್ಜಿ ಹೆಸರು ಮಾತ್ರ ಬೇಡವೇ ಬೇಡ ಅಂದ್ರು. ಹುಟ್ಟಿದಾಗಿನಿಂದ ನಾನು ತಂದಿದ್ದನ್ನ ಅಪ್ಪ ಚೆನ್ನಾಗಿದೆ ಅಂದಿದ್ದು ಇದೇ ಮೊದಲು ಅತ್ತೆ. ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ಎರಡು ದಿನ ಅತ್ತಿದ್ದೀನಿ."

"ಬೇಡವೇ ಬೇಡ ಅಂದ್ನಾ?" ಅಕ್ಕನ ದನಿ ತಣ್ಣಗಿತ್ತು. ಆಸ್ಪತ್ರೆಯಲ್ಲಿ ಆ ದನಿಗೆ ಡಾಕ್ಟರುಗಳೂ ಎದ್ದು ನಿಲ್ಲುತ್ತಿದ್ದರಂತೆ. "ಏನಂತ ಅಂದ?"

"ಹಳೇ ಟ್ರಂಕು. ನುಸಿಗುಳಿಗೆ," ಎಂದ ಅಳಿಯ, ವಿಡಿಯೋ ನಿಲ್ಲಿಸದೆ. ಅವನಿಂದ ಇಷ್ಟು ಖಚಿತವಾದ ಮಾತನ್ನು ಆ ಮನೆ ಹಿಂದೆಂದೂ ಕೇಳಿರಲಿಲ್ಲ.

ಮಾಸ್ಟ್ರು ಕೋನನ್ನು ಕೆಳಗಿಟ್ಟರು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅಕ್ಕ ಮಗುವನ್ನು ಮಗಳ ಕೈಗೆ ಕೊಟ್ಟು ಹೊರಡಲು ಬ್ಯಾಗಿಗೆ ಕೈಹಾಕಿದ್ದಳು.

"ಅಕ್ಕ, ಕೂತ್ಕೊ. ಎಲ್ಲರೂ ಕೇಳಿ. ನನಗೆ ಬೇಕಾಗಿದ್ದು ಅಮ್ಮನ ಹೆಸರೇ. ನಾನು ಬೇಡ ಅಂದಿದ್ದೇ ನೀವು ಇಡಲಿ ಅಂತ. ಅದು ಅಂಗಡಿಯ ಉಪಾಯ. ಯಾವುದು ಹೋಗಬೇಕೋ ಅದನ್ನ ಬೇಡ ಅನ್ನೋದು, ಯಾವುದು ಬೇಡವೋ ಅದನ್ನ ಹೊಗಳೋದು. ಎಷ್ಟೋ ವರ್ಷದಿಂದ ಇದನ್ನೇ ಮಾಡ್ಕೊಂಡು ಬಂದಿದ್ದೀನಿ."

ಮಗಳು ತಲೆಯಲ್ಲಾಡಿಸಿದಳು. ಅವಳ ಕಣ್ಣಲ್ಲಿ ಮತ್ತೆ ನೀರು. "ಅತ್ತೆ ಬೈತಾರೆ ಅಂತ ಹೀಗೆಲ್ಲ ಹೇಳ್ಬೇಡಿ ಅಪ್ಪ. ನಿಮ್ಮ ಮುಖ ನಾನು ನೋಡಿಲ್ವಾ ಅವತ್ತು? ಎಷ್ಟು ಅರಳಿತ್ತು! ಕೊನೆಯ ಎಚ್ ಕೇಳಿಸದಿದ್ರೂ ಅಲ್ಲಿದೆ ಅಂತ ನಮಗೆ ಗೊತ್ತಿರುತ್ತೆ ಅಂದ್ರಲ್ಲ, ಸುಳ್ಳು ಹೇಳೋರಿಗೆ ಅಂಥ ಮಾತು ಬರುತ್ತಾ?"

"ಬರುತ್ತೆ ಮಗಳೇ, ಬರುತ್ತೆ! ಬೇಡದ್ದನ್ನ ಹೊಗಳೋದ್ರಲ್ಲಿ ನನ್ನ ಮೀರಿಸೋರಿಲ್ಲ. ಬೇಕಾದ್ರೆ ನಿಮ್ಮಮ್ಮನ್ನ ಕೇಳು."

ಇದನ್ನು ಅವರು ಹೇಳಬಾರದಿತ್ತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಎಲ್ಲರಿಗೂ ಕಾಫಿಯ ಲೋಟಗಳನ್ನಿಟ್ಟ ತಟ್ಟೆ ಹಿಡಿದು ನಿಂತಿದ್ದಳು.

"ರೀ," ಎಂದಳು. "ಬೇಡದ್ದನ್ನ ಹೊಗಳ್ತೀರಾ?"

"ಅಂಗಡೀಲಿ."

"ಈಗಷ್ಟೇ ಮನೇಲೂ ಅಂದ್ರಿ. ದಿನಾ ಬೆಳಗ್ಗೆ ನನ್ನ ಕಾಫಿ ಕುಡಿದು 'ಭೇಷ್, ನಿನ್ನ ಕೈಯಂಥ ಕಾಫಿ ಲೋಕದಲ್ಲೇ ಇಲ್ಲ' ಅಂತೀರಲ್ಲ. ಮದುವೆಯಾದ ಮಾರನೇ ದಿನದಿಂದ ಅಂತಿದ್ದೀರಿ. ಅದು ಯಾವ ಲೆಕ್ಕದ್ದು?"

ಅಳಿಯ ಮೊಬೈಲನ್ನು ಇನ್ನಷ್ಟು ಹತ್ತಿರ ತಂದ. ಮಾಸ್ಟ್ರು ಆ ಕಾಫಿಯನ್ನು ನೆನೆದರು. ಪಾತ್ರೆ ತೊಳೆದ ನೀರಿಗೆ ಬೆಲ್ಲ ತೋರಿಸಿದಂತಿರುತ್ತಿದ್ದ ಆ ಕಾಫಿ ಮದುವೆಯ ಮಾರನೆಯ ದಿನ ಹೇಗಿತ್ತೋ ಇವತ್ತೂ ಹಾಗೇ ಇತ್ತು. ಅದನ್ನು ಅವರು ಗಂಟಲಿಗಿಳಿಸಿ ಹೊಗಳಿದ್ದು ಹೆಂಡತಿಯ ಮುಖ ಬಾಡಬಾರದೆಂಬ ಒಂದೇ ಕಾರಣಕ್ಕೆ. ಈ ಕಡೆ ಅಕ್ಕ ಬ್ಯಾಗಿನ ಹಿಡಿ ಬಿಗಿಹಿಡಿದು ಕಾಯುತ್ತಿದ್ದಳು. ಅಮ್ಮನ ಹೆಸರು ಉಳಿಯಬೇಕಾದರೆ ಹೊಗಳಿದ್ದೆಲ್ಲ ಸುಳ್ಳು ಎನ್ನಬೇಕು. ಹೆಂಡತಿ ಉಳಿಯಬೇಕಾದರೆ ಹೊಗಳಿದ್ದೆಲ್ಲ ನಿಜ ಎನ್ನಬೇಕು. ಮಾಸ್ಟ್ರು ಅಮ್ಮನ ಹಳೆಯ ಮುಖವನ್ನು ಮನಸ್ಸಿಗೆ ತಂದುಕೊಂಡು ಕ್ಷಮೆ ಕೇಳಿದರು. ಅಕ್ಕ ಸಂಜೆಗೆ ಮನೆಗೆ ಹೋಗುತ್ತಾಳೆ. ಹೆಂಡತಿ ಇಲ್ಲೇ ಇರುತ್ತಾಳೆ.

"ನಾನು ಹೊಗಳಿದ್ದೆಲ್ಲ ಮನಸಾರೆ ಹೊಗಳಿದ್ದು," ಎಂದರು.

"ಹೆಸರನ್ನೂ?"

"ಹೆಸರನ್ನೂ."

"ಎಚ್‌ಗಳನ್ನೂ?"

"ಎರಡನ್ನೂ."

ಹೆಂಡತಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅಕ್ಕ ಮಾತ್ರ ತಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿ ಹೇಳಿದಳು: "ನಿಮ್ಮ ಝ ಅಂತೆ, ವಿ ಅಂತೆ, ನನ್ನ ನಾಲಿಗೆಗೆ ಆಗದ ಕೆಲಸ. ನಾನು ಅಮ್ಮನ ಹೆಸರಲ್ಲೇ ಕರೀತೀನಿ. ಯಾರು ಬೇಡ ಅಂತಾರೋ ನೋಡೋಣ."

ಮಾಸ್ಟ್ರಿಗೆ ಜೀವ ಬಂತು. ಸದ್ಯ, ಒಬ್ಬರ ಬಾಯಲ್ಲಾದರೂ ಸರಿ! ಈ ಮನೆಯಲ್ಲಿ, ಈ ಮಗುವಿಗೆ, ಆ ಹೆಸರು! ಅವರು ಅಕ್ಕನ ಕಡೆಗೆ ಒಂದು ಹೆಜ್ಜೆ ಇಟ್ಟೂ ಬಿಟ್ಟರು.

"ಬೇಡ ಅತ್ತೆ," ಎಂದಳು ಮಗಳು, ಇಬ್ಬರ ನಡುವೆ ಬಂದು ನಿಂತು. ಅಪ್ಪನ ಪರವಾಗಿ ಯಾವತ್ತೂ ಬಾಯಿ ತೆರೆಯದವಳ ದನಿಯಲ್ಲಿ ಇವತ್ತು ಎಂಥ ಗಟ್ಟಿತನ! "ದಯವಿಟ್ಟು ಅಪ್ಪನ ಮುಂದೆ ಆ ಹೆಸರು ಎತ್ತಬೇಡಿ. ಅವರಿಗೆ ಆಗಲ್ಲ. ನನ್ನ ಮನೇಲೂ ಅಷ್ಟೇ, ಇಲ್ಲೂ ಅಷ್ಟೇ, ಯಾರೂ ಆ ಹೆಸರಲ್ಲಿ ಕರೆಯೋಕೆ ನಾನು ಬಿಡಲ್ಲ. ನನ್ನ ಅಪ್ಪನ ಮನಸ್ಸು ನನಗೆ ಮುಖ್ಯ."

ಅಕ್ಕ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. "ನೋಡೋಣ," ಎಂದ ಅಳಿಯ. ಆದರೆ ಮಗಳು ಅವನತ್ತ ತಿರುಗಿದ ಬಗೆಯಲ್ಲಿ ನೋಡುವುದಕ್ಕೇನೂ ಉಳಿದಿರಲಿಲ್ಲ.

ಆಮೇಲೆ ಮಾಸ್ಟ್ರು ಕೇಕಿನ ಮೇಲೆ ಹೆಸರು ಬರೆದರು. ಮೂರು ಅಕ್ಷರದ ಜಾಗದಲ್ಲಿ ಅಷ್ಟು ಸೈನ್ಯ ಹಿಡಿಯಲಿಲ್ಲ. ಬಳ್ಳಿ ಕೆರೆದರು, ಎಲೆ ಕೆರೆದರು, ಬೆಳಗಿನ ಜಾವ ಎದ್ದು ಬಿಡಿಸಿದ್ದ ಮೊಗ್ಗುಗಳನ್ನು ಒಂದೊಂದಾಗಿ ಚಾಕುವಿನಿಂದ ಎತ್ತಿ ಪಕ್ಕಕ್ಕಿಟ್ಟರು. ಕೊನೆಯ ಎಚ್ ಕೇಕಿನ ಅಂಚಿನಿಂದ ಕೆಳಗಿಳಿದು ಎರಡನೆಯ ಅಂತಸ್ತಿನಲ್ಲಿ ಹೋಗಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಗಳು ಮಗುವನ್ನು ತಂದು ಅವರ ತೊಡೆಯ ಮೇಲೆ ಮಲಗಿಸಿದಳು. "ಮೊದಲು ನೀವೇ ಕರೀಬೇಕು ಅಪ್ಪ."

"ಝ್..." ಎಂದರು ಮಾಸ್ಟ್ರು. ನಾಲಿಗೆ ಹೊರಳಲಿಲ್ಲ. ನಾಲಿಗೆಯ ತುದಿಯಲ್ಲಿ ಬೇರೆ ಮೂರು ಅಕ್ಷರಗಳು ಸಾಲಾಗಿ ಬಂದು ನಿಂತಿದ್ದವು. ಅವನ್ನು ನುಂಗಿಕೊಂಡು ಇನ್ನೊಮ್ಮೆ ಪ್ರಯತ್ನಿಸಿದರು. "ಝ್ವಿಯಾನಾ."

ಮಗು ಅವರತ್ತ ತಿರುಗಿ ಬೊಚ್ಚುಬಾಯಿ ಅಗಲಿಸಿ ನಕ್ಕಿತು. ಕೊನೆಗಾಲದಲ್ಲಿ ಹಲ್ಲುಗಳೆಲ್ಲ ಹೋದ ಮೇಲೆ ಅವರ ಅಮ್ಮ ನಗುತ್ತಿದ್ದದ್ದು ಹೀಗೇ, ಇದೇ ಎಡಗೆನ್ನೆಯ ಗುಳಿಯೊಂದಿಗೆ. "ನೋಡಿ, ನಮ್ಮಮ್ಮನೇ..." ಎನ್ನಲು ಬಾಯಿ ತೆರೆದವರು, ಮಗಳ ಕಡೆ ನೋಡಿ ಮುಚ್ಚಿಕೊಂಡರು. ಇನ್ನು ಈ ಮನೆಯಲ್ಲಿ ಆ ಮಾತು ಎತ್ತುವ ಹಾಗಿರಲಿಲ್ಲ. ಕೈಗೆ ಸಿಕ್ಕ ಲೋಟವನ್ನು ಎತ್ತಿ ಗಟಗಟನೆ ಕುಡಿದರು.

"ಯಾಕ್ರೀ, ಕಣ್ಣಲ್ಲಿ ನೀರು?" ಎಂದು ಹೆಂಡತಿ ಹತ್ತಿರ ಬಂದಳು.

"ಕಾಫಿ," ಎಂದರು ಮಾಸ್ಟ್ರು. "ಅಷ್ಟು ಚೆನ್ನಾಗಿದೆ."

ಹೆಂಡತಿ ಇನ್ನೊಂದು ಲೋಟ ತರಲು ಒಳಗೆ ಹೋದಳು.